ಎಡಗೈ ಸುತ್ತಿದ ದಾರ

ಟ್ಯಾಮರಾಕ್ ಫಾಲ್ಸ್, ವಿಸ್ಕಾನ್ಸಿನ್
ಫೆಬ್ರವರಿ 11, ಮಂಗಳವಾರ

ಮೇಷ್ಟ್ರೇ,

ಕವರಿನ ಮೇಲೆ ನನ್ನ ಹೆಸರು ನೋಡಿಯೂ ಒಲೆಗೆ ಹಾಕದೆ ಒಡೆದಿದ್ದೀರಿ ಎಂದರೆ ನನಗೆ ಅಷ್ಟೇ ಸಾಕು. ಇಲ್ಲಿಯವರೆಗೆ ಬಂದಿದ್ದೀರಿ, ಇನ್ನು ಮೂರ್ನಾಲ್ಕು ಹಾಳೆ ತಾನೆ, ಪೂರ್ತಿ ಓದಿಬಿಡಿ.

ಐದನೇ ಕ್ಲಾಸಿನ ನಂತರ ನಾನು ಪೆನ್ನು ಹಿಡಿದು ಪತ್ರ ಬರೆಯುತ್ತಿರುವುದು ಇದೇ ಮೊದಲು. ಬೇರೆ ದಾರಿ ಉಳಿದಿಲ್ಲ. ಗಾಳ ಹಾಕುವವರ ನಮ್ಮ ಗುಂಪಿನ ಚಾಟ್‌ನಲ್ಲಿ ಹತ್ತು ದಿನದಿಂದ ನಿಮ್ಮ ಹೆಸರಿನ ಪಕ್ಕದ ಹಸಿರು ಚುಕ್ಕಿ ಹತ್ತಿಲ್ಲ. ಫೋನ್ ಮಾಡಿದರೆ ಆರ್ಡಿಸಮ್ಮ ಎತ್ತಿಕೊಂಡು "ಅವ್ರು ಮಲಗಿದಾರೆ ಕಣೆ" ಅನ್ನುತ್ತಾರೆ. ಹಿಂದೆ ಟಿವಿಯ ಕೂಗು ಕೇಳಿಸುತ್ತಿರುತ್ತದೆ, ನೀವು ಕೆಮ್ಮಿದ್ದೂ ಕೇಳಿಸುತ್ತದೆ. ಪಾಪ, ನಿಮ್ಮ ಹೆಂಡತಿಗೆ ಸುಳ್ಳು ಹೇಳಲು ಬರುವುದಿಲ್ಲ.

ನಾನೀಗ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೂತಿದ್ದೇನೆ. ಇರುವ ನಾಲ್ಕು ಮಷೀನಿನಲ್ಲಿ ನಡೆಯುವುದು ಎರಡು. ಬೆಳಿಗ್ಗೆ ಐದಕ್ಕೆ ಚೀಸ್ ಫ್ಯಾಕ್ಟರಿಯಲ್ಲಿ ಪಾಳಿ ಶುರುವಾಗಿ, ಮಧ್ಯಾಹ್ನ ಒಂದೂವರೆಗೆ ಮುಗಿದು, ಹಾಗೇ ಮೂಟೆ ಹೊತ್ತು ಇಲ್ಲಿಗೆ ಬಂದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ಎಂಟು ಗಂಟೆ ಒಂದೇ ಸಮನೆ ಚೀಸ್ ಗಡ್ಡೆಗಳನ್ನು ಪ್ಲಾಸ್ಟಿಕ್ಕಿಗೆ ತುರುಕಿದ ಬೆರಳು ಹೀಗೇ ಬರೆಯುವುದು.

ಹೇಳಬೇಕಾದ್ದು ಮೊದಲೇ ಹೇಳಿಬಿಡುತ್ತೇನೆ. ದಯವಿಟ್ಟು ಆ ಪೆಟ್ಟಿಗೆಯನ್ನು ಶನಿವಾರ ಕೊಡಬೇಡಿ.

ನಿನ್ನೆ ಆರ್ಡಿಸಮ್ಮ ಎಲ್ಲ ಹೇಳಿದರು. ಅಡುಗೆಮನೆ ಟೇಬಲ್ಲಿನ ಅಂಚಿಗೆ ಮೂವತ್ತು ವರ್ಷದಿಂದ ಕಚ್ಚಿಕೊಂಡಿದ್ದ, ಗಾಳದ ಕೊಕ್ಕೆ ಬಿಗಿಹಿಡಿಯುವ ವೈಸನ್ನು ನೀವು ತಿರುಚಿ ಬಿಚ್ಚಿದಿರಂತೆ. ಟೇಬಲ್ಲಿನಲ್ಲಿ ಆ ಜಾಗ ಮಾತ್ರ ಬೆಳ್ಳಗೆ ಉಳಿದಿದೆಯಂತೆ. ವೈಸು, ದಾರದ ಉರುಳೆಗಳು, ಟರ್ಕಿ ಕೋಳಿಯ ತುಪ್ಪುಳದ ಚೀಲಗಳು, ಸೀಸ ಹೊಯ್ಯುವ ಅಚ್ಚು, ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿ, ಮೇಲೆ ಕಪ್ಪು ಶಾಯಿಯಲ್ಲಿ "ಚರ್ಚಿನ ಮಾರಾಟಕ್ಕೆ" ಎಂದು ಬರೆದು ಬಾಗಿಲ ಪಕ್ಕ ಇಟ್ಟಿದ್ದೀರಂತೆ. ಹಳೇ ಲ್ಯಾಂಪು, ತೂತಾದ ಸ್ವೆಟರುಗಳ ಪಕ್ಕದಲ್ಲಿ ನಿಮ್ಮ ವೈಸು! ಯಾರೋ ಅದನ್ನು ಕೊಂಡುಹೋಗಿ ಬಾದಾಮಿ ಒಡೆಯುತ್ತಾರೆ ಮೇಷ್ಟ್ರೇ. ಸತ್ಯವಾಗಿ ಹೇಳುತ್ತೇನೆ, ಬಾದಾಮಿ ಒಡೆಯುತ್ತಾರೆ.

ನೀವು ಯಾಕೆ ಹೀಗೆ ಮಾಡಿದಿರಿ ಎಂದು ಕೇಳುವ ಮುಖ ನನಗಿಲ್ಲ. ಮಾಡಿದ್ದು ನಾನು. ಅದನ್ನೇ ಮೊದಲಿನಿಂದ ಹೇಳೋಣ ಎಂದು ಕೂತಿದ್ದೇನೆ. ಯಾಕೆಂದರೆ ಅವತ್ತು ಕೆರೆಯ ಮೇಲಿನ ಗುಡಾರದಲ್ಲಿ ನನ್ನ ಬಾಯಿಂದ ಒಂದೇ ಒಂದು ಶಬ್ದ ಹೊರಟಿತು, ಅದೂ ಸರಿಯಾಗಿ ಹೊರಡಲಿಲ್ಲ.

ಎರಡು ಚಳಿಗಾಲದ ಹಿಂದಿನ ಮಾತು. ಫ್ಯಾಕ್ಟರಿಗೆ ಸೇರಿದ ಹೊಸತು, ಊರಲ್ಲಿ ಯಾರ ಪರಿಚಯವೂ ಇರಲಿಲ್ಲ. ಕೆರೆ ಹೆಪ್ಪುಗಟ್ಟಿತ್ತು. ಒಬ್ಬಳೇ ಹೋಗಿ ಬೈರಿಗೆಯಲ್ಲಿ ಮಂಜುಗಡ್ಡೆಗೆ ತೂತು ಕೊರೆದು, ಗಾಳ ಬಿಟ್ಟು ಕೂರುತ್ತಿದ್ದೆ. ಅಂಗಡಿಯ ಜಿಗ್‌ಗಳಿಗೆ ಒಂದು ಬ್ಲೂಗಿಲ್ ಮೀನೂ ಬೀಳುತ್ತಿರಲಿಲ್ಲ. ನಾನೇ ಕಟ್ಟುತ್ತೇನೆ ಎಂದು ಹಟಕ್ಕೆ ಬಿದ್ದು, ಸೀಸದ ತಲೆಯ ಪುಟ್ಟ ಕೊಕ್ಕೆಗೆ ಒಂದು ಹಿಡಿ ತುಪ್ಪುಳ ಸುತ್ತಿ, ಫೋಟೋ ತೆಗೆದು ನಮ್ಮ ಗುಂಪಿಗೆ ಹಾಕಿದೆ. ನಿಮ್ಮ ಗೆಳೆಯ ಡೆಲ್ಮರ್ ಏನು ಬರೆದ ಗೊತ್ತಲ್ಲ. "ಇದೇನಮ್ಮಾ, ಜಿಗ್ಗೋ, ಚರಂಡೀಲಿ ಬಿದ್ದ ಬೆಕ್ಕೋ?" ಅದಕ್ಕೆ ನಲವತ್ತು ಜನ ನಕ್ಕಿದ್ದರು. ಗುಂಪು ಬಿಟ್ಟು ಹೋಗೋಣ ಎಂದುಕೊಳ್ಳುವಷ್ಟರಲ್ಲಿ ನೀವು ಬರೆದಿರಿ. "ತುಪ್ಪುಳ ಅರ್ಧ ತೆಗಿ. ಮಿಕ್ಕಿದ್ರಲ್ಲಿ ಇನ್ನರ್ಧ ತೆಗಿ. ಆಮೇಲೆ ಫೋಟೋ ಹಾಕು."

ತೆಗೆದೆ. ಹಾಕಿದೆ. "ಈಗ ಮೀನು ಬಾಯಿ ತೆರೀಬಹುದು. ತಿನ್ನೋಕೋ ಆಕಳಿಸೋಕೋ ಗೊತ್ತಿಲ್ಲ" ಎಂದಿರಿ.

ಆ ವಾರ ಹಳೆಯದನ್ನೆಲ್ಲ ಕೆದಕಿ, ನೀವು ಗುಂಪಿನಲ್ಲಿ ಬರೆದ ಪ್ರತಿಯೊಂದು ಸಾಲನ್ನೂ ಓದಿ ಮುಗಿಸಿದೆ. ಊಟದ ವಿರಾಮದಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ. ಹೆಸರುಕಾಳಿನಷ್ಟು ತಲೆಗೆ ಬಣ್ಣ ಹಾಕುವಾಗ ಕೊಕ್ಕೆಯ ಕಣ್ಣು ಮುಚ್ಚಿಹೋಗದಂತೆ ಸೂಜಿ ಆಡಿಸುವುದು, ಬಾಲ ಕೊಕ್ಕೆಯ ಬಾಗನ್ನು ಎಷ್ಟು ದಾಟಬೇಕು ಎನ್ನುವುದು, ಆ ತಲೆಗೆ ಬಳಿಯುವ ನೇಲ್ ಪಾಲಿಶ್ ಯಾವ ಅಂಗಡಿಯದು ಬೇಗ ಒಣಗುತ್ತದೆ ಎನ್ನುವುದು. ಕೊನೆಗೆ ನೀವು ಇರುವುದು ನಲವತ್ತು ನಿಮಿಷದ ದಾರಿಯಲ್ಲಿ ಎಂದು ಗೊತ್ತಾದಾಗ ನಾನು ಬ್ರೇಕ್ ರೂಮಿನಲ್ಲಿ ಕಿರುಚಿದೆ. ಮೇಲ್ವಿಚಾರಕಿ ನನ್ನ ಬೆರಳು ಮಷೀನಿಗೆ ಸಿಕ್ಕಿಬಿತ್ತೆಂದು ಓಡಿಬಂದಳು.

ಮೊದಲ ಗುರುವಾರ ನಿಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ಹೇಳಿದಿರಿ. "ಮೇಷ್ಟ್ರು ಗೀಷ್ಟ್ರು ಎಲ್ಲ ಬೇಡ. ನಲವತ್ತೊಂದು ವರ್ಷ ಹಾಲಿನ ಲಾರಿ ಓಡಿಸ್ದೋನು ನಾನು. ಹಸುಗಳೂ ನನ್ನ ಹತ್ರ ಏನೂ ಕಲೀಲಿಲ್ಲ." ಒಳಗಿನಿಂದ ಆರ್ಡಿಸಮ್ಮ, "ಕಲಿಸೋಕೆ ಅವ್ರಿಗೇನಾದ್ರೂ ಗೊತ್ತಿದ್ರೆ ತಾನೆ" ಅಂದರು. ಆಮೇಲೆ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್ ತಂದಿಟ್ಟು, "ಪುಕ್ಕ ಬೀಳುತ್ತೆ ಊಟಕ್ಕೆ, ಎತ್ತಿ ಆಚೆ ಇಡ್ರೋ ಇಬ್ರೂ" ಎಂದು ಗದರಿದರು. ಬಂದ ಹತ್ತು ನಿಮಿಷಕ್ಕೆ ಬೈಸಿಕೊಂಡೆ. ಇದು ನನ್ನ ಮನೆ ಅನ್ನಿಸಿತು.

ನೀವು ಎಡಗೈಯವರು, ನಾನು ಬಲಗೈ. ಪಕ್ಕದಲ್ಲಿ ಕೂತರೆ ಏನೂ ತಿಳಿಯುತ್ತಿರಲಿಲ್ಲ. "ಎದುರುಗಡೆ ಕೂತ್ಕೋ, ಕನ್ನಡಿ ನೋಡ್ದಂಗೆ ಕಾಣುತ್ತೆ" ಎಂದು ಕುರ್ಚಿ ತಿರುಗಿಸಿದಿರಿ. ಅವತ್ತಿನಿಂದ ಆ ಎದುರು ಕುರ್ಚಿ ನನ್ನದಾಯಿತು.

ಇನ್ನು ಕಷ್ಟದ ಭಾಗ. ಬಟ್ಟೆ ಡ್ರೈಯರಿಗೆ ಹಾಕಿ ಬಂದೆ.

ಹೋದ ಅಕ್ಟೋಬರಿನಲ್ಲಿ ನೀವು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದಿರಿ. ನಾನು ನೋಡಿದೆ. ನೋಡಿಲ್ಲ ಎನ್ನುವಂತೆ ಕೂತೆ. ನವೆಂಬರಿನಲ್ಲಿ ಡೆಲ್ಮರ್ ಫೋನ್ ಮಾಡಿದ, ನಿಮಗಲ್ಲ, ಆರ್ಡಿಸಮ್ಮನಿಗೆ. "ಮೀನು ಅವ್ನ ಜಿಗ್ಗಿನ ಬಾಲ ಕಿತ್ಕೊಂಡು ಹೋಯ್ತು ಆರ್ಡಿಸ್, ನನ್ ಕೈಗೆ ಬೋಳು ಕೊಕ್ಕೆ ಬಂತು. ಗುಂಪಲ್ಲಿ ಯಾರಿಗೂ ಹೇಳಿಲ್ಲ. ಅವ್ನಿಗೂ ಹೇಳ್ಬೇಡ" ಎಂದನಂತೆ. ಡೆಲ್ಮರ್ ಬಾಯಿಬಡುಕ ನಿಜ, ಆದರೆ ಇದೊಂದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ.

ಆ ಗುರುವಾರ ನಾನು ಹೊರಟಾಗ ಆರ್ಡಿಸಮ್ಮ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಕಾರಿನವರೆಗೆ ಬಂದರು. "ಅವರ ಗಂಟು ನಿಲ್ತಿಲ್ಲ ಮಾರ್ನಿ. ಹೇಳಿದ್ರೆ ಅವತ್ತೇ ಕೈ ಬಿಟ್ಬಿಡ್ತಾರೆ. ಟೇಬಲ್ ಬಿಟ್ರೆ ಅವರಿಗೆ ಬೇರೇನಿದೆ ಹೇಳು. ನೀನೇ ಏನಾದ್ರೂ ಮಾಡು" ಎಂದರು.

ಮಾಡಿದೆ. ಪ್ರತಿ ವಾರ ನೀವು ಅರವತ್ತು ಜಿಗ್ ಕಟ್ಟಿ ಡಬ್ಬಿಯಲ್ಲಿ ಕೊಡುತ್ತಿದ್ದಿರಿ. ಗುಂಪಿನಲ್ಲಿ ಕೇಳಿದವರಿಗೆ, ಒಬ್ಬರಿಗೆ ಹತ್ತರಂತೆ ಅಂಚೆಗೆ ಹಾಕುವ ಕೆಲಸ ನನ್ನದು. ನಾನು ಡಬ್ಬಿಯನ್ನು ನೇರ ಅಂಚೆಗೆ ಒಯ್ಯದೆ ಮನೆಗೆ ಒಯ್ಯತೊಡಗಿದೆ. ಭಾನುವಾರ ಬೆಳಗಾದರೆ ಕಿಟಕಿ ಹತ್ತಿರ ಕೂತು, ಬ್ಲೇಡಿನಿಂದ ನಿಮ್ಮ ದಾರ ಕತ್ತರಿಸಿ, ತುಪ್ಪುಳ ಕಿತ್ತು, ಅದೇ ಗುಲಾಬಿ ತಲೆಗೆ ಅದೇ ಬಿಳಿ ಬಾಲವನ್ನು, ಅದೇ ಕೆಂಪು ದಾರದಲ್ಲಿ ಮತ್ತೆ ಕಟ್ಟುತ್ತಿದ್ದೆ. ಮುಗಿಯುವಾಗ ಹೊರಗೆ ಬೆಳಕು ಹೋಗಿರುತ್ತಿತ್ತು. ವಾರಕ್ಕೆ ಸಿಗುವ ಒಂದೇ ರಜೆ ಅದು. ನವೆಂಬರಿನಿಂದ ಜನವರಿ ಮುಗಿಯುವವರೆಗೆ ನಾನು ಕೆರೆಗೆ ಹೋಗಿದ್ದು ಎರಡೇ ಸಲ. ಕುತ್ತಿಗೆ ಹಿಡಿದುಕೊಂಡಿತ್ತು, ಕಣ್ಣು ಉರಿಯುತ್ತಿತ್ತು, ಸೋಮವಾರ ಫ್ಯಾಕ್ಟರಿಯಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದೆ. ಇದನ್ನು ಹೇಳಿ ಕನಿಕರ ಗಿಟ್ಟಿಸುತ್ತಿಲ್ಲ. ಹೀಗೆ ಮಾಡು ಎಂದು ನೀವೇನೂ ಕೇಳಿರಲಿಲ್ಲವಲ್ಲ.

ಗುಂಪಿನಲ್ಲಿ ಫೋಟೋಗಳು ಬರತೊಡಗಿದವು. ತೂತಿನ ಪಕ್ಕ ಹಿಮದ ಮೇಲೆ ಅಂಗೈ ಅಗಲದ ಬ್ಲೂಗಿಲ್ಲು, ತುಟಿಯಲ್ಲಿ ಗುಲಾಬಿ ತಲೆ. "ಮೇಷ್ಟ್ರ ಈ ವರ್ಷದ್ದು ಎಲ್ಲಕ್ಕಿಂತ ಗಟ್ಟಿ", "ಮೂವತ್ತು ಮೀನಾದ್ರೂ ಒಂದ್ ಎಳೆ ಬಿಚ್ಚಿಲ್ಲ" ಎಂದೆಲ್ಲ. ಗುರುವಾರ ನೀವು ಅದನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದಿರಿ. "ಡೆಲ್ ಏನಂದಾ, ಅದನ್ನ ಇನ್ನೊಂದ್ಸಲ ಓದು." ನಾನು ಓದುತ್ತಿದ್ದೆ. "ಮುದುಕನ ಕೈಗೆ ವಯಸ್ಸೇ ಆಗಿಲ್ಲ, ಎಲ್ಲಾ ನನ್ನ ಸೊಂಟಕ್ಕೇ ಆಗಿದೆ." ನೀವು ನಗುತ್ತಿದ್ದಿರಿ. "ಹೊಟ್ಟೆಕಿಚ್ಚು ಕಣೇ ಅವ್ನಿಗೆ." ಆರ್ಡಿಸಮ್ಮ ಸಿಂಕಿನ ಕಡೆ ತಿರುಗಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದರು.

ಫೆಬ್ರವರಿ ಒಂದು, ಶನಿವಾರ. ನಿಮಗೂ ನೆನಪಿದೆ, ಆದರೂ ನನ್ನ ಕಡೆಯಿಂದ ಹೇಗೆ ಕಂಡಿತೆಂದು ಬರೆಯುತ್ತೇನೆ. ನೀವು, ಡೆಲ್ಮರ್, ನಾನು, ಮೂವರೂ ಗುಡಾರದಲ್ಲಿ ಬಕೆಟ್ ಬೋರಲು ಹಾಕಿ ಕೂತಿದ್ದೆವು. ನಿಮ್ಮ ಜಿಗ್ ತೂತಿನ ಅಂಚಿಗೆ ಸಿಕ್ಕಿ ಹರಿದುಹೋಯಿತು. ಡೆಲ್ಮರ್, "ತಗೋ, ನಿಂದೇ, ನೀನೇ ಕಳಿಸಿದ್ದು" ಎಂದು ತನ್ನ ಡಬ್ಬಿಯಿಂದ ಒಂದು ಕೊಟ್ಟ. ಅದನ್ನು ಆಗಲೇ ಹತ್ತಾರು ಮೀನು ಜಗಿದಿದ್ದವು, ಒಂದೆಳೆ ದಾರ ಎದ್ದಿತ್ತು. ನೀವು ಕೈಗವಸು ಬಿಚ್ಚಿ, ಎದ್ದ ಎಳೆಯನ್ನು ಉಗುರಿನಲ್ಲಿ ಹಿಡಿದು, ಬಿಗಿ ಮಾಡೋಣ ಎಂದು ಸುತ್ತಿದಿರಿ. ಅದು ಬಿಚ್ಚಿಕೊಂಡಿತು. ಇನ್ನೊಂದು ಸುತ್ತು ಹಾಕಿದಿರಿ. ಇನ್ನೊಂದು ಸುತ್ತು ಬಿಚ್ಚಿತು. ನೀವು ಬಿಗಿ ಮಾಡಿದಷ್ಟೂ ಬಿಚ್ಚುತ್ತಿತ್ತು.

ನನಗೆ ಆಗಲೇ ಗೊತ್ತಾಯಿತು. ಬಣ್ಣ, ತುಪ್ಪುಳ, ಬಾಲದ ಉದ್ದ ಎಲ್ಲವನ್ನೂ ನಿಮ್ಮಂತೆಯೇ ಮಾಡಿದ್ದೆ. ದಾರ ಸುತ್ತುವ ದಿಕ್ಕನ್ನು ಮಾತ್ರ ಯೋಚಿಸಿಯೇ ಇರಲಿಲ್ಲ. ಕೊಕ್ಕೆಯ ಕಣ್ಣಿನ ಕಡೆಯಿಂದ ನೋಡಿದರೆ ನಿಮ್ಮ ದಾರ ಗಡಿಯಾರಕ್ಕೆ ಎದುರಾಗಿ ಹೋಗುತ್ತದೆ, ನನ್ನದು ಗಡಿಯಾರದ ಜೊತೆಗೆ. ಎರಡು ವರ್ಷ ಎದುರು ಕೂತು ಕನ್ನಡಿ ನೋಡಿದವಳಿಗೆ ಇದು ಹೊಳೆಯಲಿಲ್ಲ.

"ಇದು ಬಲಗೈದು" ಎಂದಿರಿ. ಡೆಲ್ಮರ್, "ಏನ್ ಬಲಗೈನೋ, ಗಾಳ ಬಿಡಯ್ಯ, ಮೀನು ಹೋಗ್ತವೆ" ಎಂದ. ಅವನಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ ಮೇಷ್ಟ್ರೇ. ನಿಮ್ಮ ಗಂಟು ತಾನಾಗಿ ಸರಿಹೋಯಿತು ಎಂದುಕೊಂಡಿದ್ದ. ನೀವು ಅವನ ಡಬ್ಬಿ ಇಸಿದುಕೊಂಡು ಇನ್ನೊಂದು ಜಿಗ್ ತೆಗೆದು ನೋಡಿದಿರಿ, ಮತ್ತೊಂದು ನೋಡಿದಿರಿ. ಆಮೇಲೆ ನನ್ನನ್ನು ನೋಡಿದಿರಿ. "ಎಷ್ಟು?" ಎಂದಿರಿ.

"ಎಲ್ಲಾ" ಎಂದೆ.

ನೀವು ಕೈಗವಸು ಹಾಕಿಕೊಂಡು ಎದ್ದು ಹೊರಟಿರಿ. ಗಾಳ ಬಿಟ್ಟು, ಬಕೆಟ್ ಬಿಟ್ಟು, ದಡದವರೆಗೆ ಒಬ್ಬರೇ ನಡೆದಿರಿ. ಗುಡಾರದ ಬಾಗಿಲಿಂದ ನೋಡುತ್ತಿದ್ದೆ. ಜಾರುತ್ತೀರೆಂದು ಭಯ, ಹಿಂದೆ ಬರಲೂ ಭಯ. ಡೆಲ್ಮರ್ ಬಿಚ್ಚಿದ ಜಿಗ್ಗನ್ನು ಎತ್ತಿಕೊಂಡು, "ಏನ್ ಮಾಡಿದ್ಯೇ ಹುಡುಗಿ" ಎಂದ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದ.

ಆಮೇಲಿನದೆಲ್ಲ ನನಗೆ ಆರ್ಡಿಸಮ್ಮನಿಂದ ತಿಳಿದದ್ದು. ನೀವು ಅವರ ಜೊತೆ ಮಾತು ಬಿಟ್ಟಿದ್ದೀರಂತೆ. "ಉಪ್ಪು ಕೊಡು ಅನ್ನೋದೂ ಇಲ್ಲ, ತಾವೇ ಎದ್ದು ತಗೋತಾರೆ" ಎಂದು ಅತ್ತರು. ಅವರು ಅಳುವುದನ್ನು ನಾನು ಯಾವತ್ತೂ ಕೇಳಿರಲಿಲ್ಲ. ವೈಸ್ ಬಿಚ್ಚುವಾಗ ಒಂದು ಸಲ ಮಾತ್ರ ಮಾತಾಡಿದಿರಂತೆ. "ಅರವತ್ತಕ್ಕೆ ಅರವತ್ತು. ಒಂದೂ ನಿಂತಿಲ್ಲ. ನನ್ನ ಕೈ ಸತ್ತು ಮೂರು ತಿಂಗಳಾಗಿದೆ, ನನಗೇ ಗೊತ್ತಿಲ್ಲ, ಊರಿಗೆಲ್ಲಾ ಗೊತ್ತು" ಎಂದು.

ಊರಿಗೆಲ್ಲ ಗೊತ್ತಿಲ್ಲ. ನಾನು, ಆರ್ಡಿಸಮ್ಮ, ಈಗ ಡೆಲ್ಮರ್, ಇಷ್ಟೇ ಜನ. ಗುಂಪಿನಲ್ಲಿ ಹೇಳು ಎಂದರೆ ಇವತ್ತೇ ಹೇಳುತ್ತೇನೆ. ಎಲ್ಲರೂ ಬೈಯಲಿ, ನನ್ನನ್ನು ಗುಂಪಿನಿಂದ ತೆಗೆದರೂ ಸರಿ. ಗುರುವಾರ ಬರಬೇಡ ಎಂದರೆ ಬರುವುದಿಲ್ಲ. ಆದರೆ ನೀವು ಕಟ್ಟುವುದನ್ನು ಬಿಡಬೇಡಿ. ವಾರಕ್ಕೆ ಹತ್ತೇ ಕಟ್ಟಿ. ಎರಡೇ ಕಟ್ಟಿ. ಅಂಚೆಗೆ ಹಾಕದೆ ನೀವೇ ಇಟ್ಟುಕೊಳ್ಳಿ.

ಆ ಶನಿವಾರದಿಂದ ನಾನೂ ಒಂದೂ ಕಟ್ಟಿಲ್ಲ. ದಾರ ಕೈಗೆ ತೆಗೆದುಕೊಂಡರೆ ಯಾವ ಕಡೆ ಸುತ್ತಬೇಕೆಂದೇ ತಿಳಿಯುವುದಿಲ್ಲ. ಸಾಕಾಗಿದೆ ಮೇಷ್ಟ್ರೇ. ಕೆಲಸದಿಂದ ಬಂದು ಬೂಟು ಕೂಡ ಬಿಚ್ಚದೆ ಹಾಸಿಗೆಯ ಮೇಲೆ ಕೂತಿರುತ್ತೇನೆ. ಭಾನುವಾರ ಏನೂ ಕೆಲಸ ಇರಲಿಲ್ಲ, ಇಡೀ ದಿನ ನಿದ್ದೆ ಮಾಡಿದೆ. ಎದ್ದಾಗ ಇನ್ನೂ ಸುಸ್ತಾಗಿತ್ತು.

ಪೆಟ್ಟಿಗೆಯನ್ನು ಕೊಡಬೇಡಿ. ಇದು ಗುರುವಾರದೊಳಗೆ ನಿಮ್ಮ ಕೈ ಸೇರಬೇಕು, ಈಗಲೇ ಅಂಚೆಗೆ ಹಾಕುತ್ತೇನೆ.

ನಿಮ್ಮ ಎದುರು ಕುರ್ಚಿಯವಳು,
ಮಾರ್ನಿ ಹೌಟಾಲಾ

ತಾ.ಕ.: ಕವರ್ ಅಂಟಿಸಿ ಅಂಚೆ ಡಬ್ಬಿಯವರೆಗೆ ಹೋಗಿ ವಾಪಸ್ ಬಂದೆ, ಮತ್ತೆ ಹರಿದಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದನ್ನು ನುಂಗಿದ್ದೇನೆ.

ಕಾರಿನ ಹತ್ತಿರ ಆರ್ಡಿಸಮ್ಮ "ಏನಾದ್ರೂ ಮಾಡು" ಎಂದಷ್ಟೇ ಹೇಳಿ ನಿಲ್ಲಿಸಲಿಲ್ಲ. "ಒಂದೊಂದರ ಬಾಲ ಎಳೆದು ನೋಡು. ಕಿತ್ತು ಬಂದಿದ್ದನ್ನ ಮಾತ್ರ ಮತ್ತೆ ಕಟ್ಟು, ಗಟ್ಟಿ ಇರೋದನ್ನ ಮುಟ್ಬೇಡ, ಅದು ಅವರದ್ದು" ಎಂದಿದ್ದರು. ಅವರ ಮೇಲೆ ಸಿಟ್ಟಾಗಬೇಡಿ, ಇವತ್ತು ಊಟಕ್ಕೆ ಕೂತಾಗ ಉಪ್ಪು ಕೇಳಿ. ಮೊದಲ ವಾರ ಅವರು ಹೇಳಿದಂತೆಯೇ ಮಾಡಿದೆ. ಅರವತ್ತರಲ್ಲಿ ಒಂಬತ್ತು ಕಿತ್ತು ಬಂದವು, ಆ ಒಂಬತ್ತನ್ನೇ ಕಟ್ಟಿದೆ. ಗ್ರೀನ್ ಬೇ ಕಡೆಯ ಯಾರೋ ಒಂದು ಫೋಟೋ ಹಾಕಿ "ಇಷ್ಟು ಚೆನ್ನಾಗಿ ಕಟ್ಟಿದ್ದು ನನ್ನ ಜನ್ಮದಲ್ಲಿ ನೋಡಿಲ್ಲ" ಎಂದು ಬರೆದರು. ದೊಡ್ಡದು ಮಾಡಿ ನೋಡಿದೆ, ನನ್ನ ಗಂಟು ನನಗೆ ಗುರುತು ಸಿಕ್ಕಿತು, ಅದು ನನ್ನ ಒಂಬತ್ತರಲ್ಲಿ ಒಂದು. ಅವತ್ತು ಫ್ಯಾಕ್ಟರಿಯಲ್ಲಿ ಎಂಟು ಗಂಟೆ ನನಗೆ ಕಾಲು ನೋಯಲಿಲ್ಲ. ಮುಂದಿನ ವಾರದಿಂದ ಎಲ್ಲವೂ ನನ್ನದೇ ಆಗಲಿ ಅನ್ನಿಸಿತು. ನಿಮ್ಮ ಹೆಸರಿನ ಕೆಳಗೆ ಬರುತ್ತಿದ್ದ ಹೊಗಳಿಕೆಯನ್ನು ನನಗೇ ಬಂದಂತೆ ಒಬ್ಬಳೇ ಕೂತು ಓದುತ್ತಿದ್ದೆ.

ನೀವು "ಎಷ್ಟು" ಎಂದು ಕೇಳಿದಾಗ ನಾನು ಮತ್ತೆ ಕಟ್ಟಿದ್ದೆಷ್ಟು ಎಂಬುದನ್ನು ಹೇಳಿದೆ. ಸಡಿಲವಾಗಿದ್ದದ್ದು ಎಷ್ಟು ಎಂದು ಹೇಳಲಿಲ್ಲ. ನಾನು ಬಿಚ್ಚಿ ಕಟ್ಟಿದ ಕೊನೆಯ ಡಬ್ಬಿಯಲ್ಲಿ, ಜನವರಿ ಇಪ್ಪತ್ತಮೂರರದ್ದರಲ್ಲಿ, ಕಿತ್ತು ಬಂದದ್ದು ಹದಿನಾಲ್ಕು. ಮಿಕ್ಕ ನಲವತ್ತಾರನ್ನೂ ಎಳೆದು ನೋಡಿದೆ, ಒಂದೂ ಅಲುಗಲಿಲ್ಲ. ಆದರೂ ಕತ್ತರಿಸಿದೆ.